ಬೆನ್ನು ಮಾತ್ರ ಕಾಣುತ್ತಿದ್ದ ಮೀನು

ಜನ ತುಂಬಿದ ಮೆಟ್ಟಿಲು ಕಂಡರೆ ನನ್ನ ಎರಡೂ ಕೈ ತಾವಾಗಿ ಎದೆಯ ಮುಂದೆ ಬಂದು ನಿಲ್ಲುತ್ತವೆ. ಕಳೆದ ತಿಂಗಳು ಡೋಂಬಿವಲಿಯಲ್ಲಿ ನನ್ನ ಹಳೆಯ ಸಹೋದ್ಯೋಗಿಯೊಬ್ಬರ ಅಂತ್ಯಕ್ರಿಯೆಗೆ ಹೋದಾಗಲೂ ಹಾಗೇ ಆಯಿತು. ಹಳೆಯ ಕಟ್ಟಡ, ಕಿರಿದಾದ ಮೆಟ್ಟಿಲು. ಮೇಲಿನಿಂದ ದೇಹವನ್ನು ಇಳಿಸುತ್ತಿದ್ದರು, ಕೆಳಗಿನಿಂದ ನಾವು ಕೆಲವರು ಹತ್ತುತ್ತಿದ್ದೆವು. ಯಾರೋ "ಸೈಡ್ ದ್ಯಾ, ಸೈಡ್" ಎಂದರು. ನಾನು ಗೋಡೆಗೆ ಒರಗಿ, ಮೊಣಕೈ ಮಡಚಿ, ಮುಷ್ಟಿಗಳನ್ನು ಕುತ್ತಿಗೆಯ ಕೆಳಗೆ ಇಟ್ಟುಕೊಂಡು ನಿಂತೆ. ಹೆಗಲು ಕೊಟ್ಟಿದ್ದ ಅವರ ತಮ್ಮ ನನ್ನನ್ನು ನೋಡಿ ಒಂದು ಗಳಿಗೆ ತಡೆದರು.

"ಅಕ್ಕ ಕಲಿಸಿದ್ದಲ್ವಾ?" ಎಂದರು.

ತಲೆ ಆಡಿಸಿದೆ. ಅವರು ಇಳಿದು ಹೋದರು.

ತೊಂಬತ್ತರ ದಶಕದಲ್ಲಿ ಠಾಣೆಯ ಒಂದು ಕಾಲೇಜಿನಲ್ಲಿ ಅವರು ಪ್ರಾಣಿಶಾಸ್ತ್ರ ಕಲಿಸುತ್ತಿದ್ದರು, ನಾನು ರಸಾಯನಶಾಸ್ತ್ರ. ಇಲ್ಲಿ ಅವರ ಹೆಸರು ಬರೆಯುವುದಿಲ್ಲ. ತಮ್ಮ ಹೆಸರು ಎಲ್ಲಾದರೂ ಅಚ್ಚಾಗುವುದಿದ್ದರೆ ತಾವು ಕಾಪಾಡಿಕೊಂಡು ಬಂದಿದ್ದ ಆ ಒಂದು ಮೀನಿನ ಜೊತೆ ಆಗಬೇಕು ಎಂಬುದು ಅವರ ಆಸೆಯಾಗಿತ್ತು. ಅದು ಆಗಲಿಲ್ಲ. ಬೇರೆ ಕಾರಣಕ್ಕೆ ಅಚ್ಚು ಮಾಡಲು ನನಗೆ ಮನಸ್ಸಿಲ್ಲ.

ನಮ್ಮದು ವಿಜಯಪುರದ ಕಡೆಯ ಕುಟುಂಬ, ಅಪ್ಪನ ಕಾಲದಿಂದ ಕಲ್ಯಾಣದಲ್ಲಿ. ಅವರು ಮಲ್ಪೆ ಕಡೆಯವರು, ಮನೆಯಲ್ಲಿ ತುಳು. ಬೆಳಿಗ್ಗೆ ನಾನು ಕಲ್ಯಾಣದಲ್ಲಿ ರೈಲು ಹತ್ತಿದರೆ ಕೂರಲು ಜಾಗ ಸಿಗುತ್ತಿತ್ತು; ಅವರು ಡೋಂಬಿವಲಿಯಲ್ಲಿ ಹತ್ತುವ ಹೊತ್ತಿಗೆ ಕಾಲಿಡಲೂ ಇರುತ್ತಿರಲಿಲ್ಲ. ಮೂವರ ಬೆಂಚಿನ ತುದಿಯಲ್ಲಿ ನಾಲ್ಕನೆಯವರಿಗೆಂದು ಬಿಡುವ ಅಂಗೈಯಷ್ಟು ಜಾಗವನ್ನು ಅವರಿಗಾಗಿ ಕಾಯುವುದು ನನ್ನ ಕೆಲಸ. ದಪ್ಪ ದೇಹ, ದಪ್ಪ ಕನ್ನಡಕ. ಆ ತುದಿಯಲ್ಲಿ ಅರ್ಧ ಕೂತು, ಅರ್ಧ ನಿಂತು, ಉಸಿರು ಬಿಡುತ್ತ, "ನನ್ನ ಮೀನಿಗೆ ಇಷ್ಟು ಕಷ್ಟ ಇಲ್ಲ ಮಾರಾಯ್ತಿ" ಎನ್ನುತ್ತಿದ್ದರು.

ಒಮ್ಮೆ, ಯಾಕೆ ತಳ್ಳುತ್ತೀ ಎಂದು ಯಾವುದೋ ಹೆಂಗಸು ರೇಗಿದಳು. "ಅರೇ ಬಾಯೀ, ಧಕ್ಕಾ ಕಾಯ್‌ಕೋ ಮಾರ್ತೀ?"

"ಧಕ್ಕಾ ನಹೀ ಮಾರಾ ಬೆಹನ್, ಊಪರ್ ಸೇ ಪ್ರೆಶರ್ ಹೈ," ಎಂದರು ಇವರು; ತಳ್ಳಿದ್ದಲ್ಲ, ಮೇಲಿನಿಂದ ಒತ್ತಡ ಎಂದು ಪಾಠ ಹೇಳುವ ದನಿಯಲ್ಲಿ. ಆ ಹೆಂಗಸಿಗೆ ನಗು ಬಂತು. ಆಮೇಲೆ ಅವಳೂ ನಮಗೆ ಜಾಗ ಹಿಡಿಯತೊಡಗಿದಳು.

ಮೀನಿನ ಕಥೆ ಇಷ್ಟು. ಅವರ ತಮ್ಮ ಹಡಗಿನಲ್ಲಿ ಅಡುಗೆಯವರಾಗಿದ್ದರು. ಸಮುದ್ರದ ಆಳವನ್ನು ಪರೀಕ್ಷಿಸುವ ಹಡಗೊಂದರಲ್ಲಿ ಕೆಲವು ಕಾಲ ಇದ್ದಾಗ, ತುಂಬಾ ಕೆಳಗಿನಿಂದ ಎಳೆದ ಬಲೆಯನ್ನು ತೊಳೆಯುವ ಹೊತ್ತಿಗೆ ಅದರ ಮೂಲೆಯಲ್ಲಿ ಹೆಬ್ಬೆರಳಿನಷ್ಟು ಉದ್ದದ, ಎಳೆ ಗುಲಾಬಿ ಬಣ್ಣದ ಒಂದು ಮೀನು ಅಂಟಿಕೊಂಡಿತ್ತು. ಹಡಗಿನ ಪಂಡಿತರಿಗೆ ಬೇಕಾದದ್ದು ಸಿಕ್ಕಿಯಾಗಿತ್ತು. ಅಕ್ಕ ಮೀನಿನ ಪಾಠ ಹೇಳುತ್ತಾಳೆಂದು ತಮ್ಮ ಅದನ್ನು ಉಪ್ಪಿನಕಾಯಿ ಬಾಟಲಿಗೆ ಹಾಕಿ, ಕೈಗೆ ಸಿಕ್ಕ ರಮ್ ಸುರಿದು ತಂದುಕೊಟ್ಟರು. "ಅವನ ರಮ್ಮು ಜೀವಮಾನದಲ್ಲಿ ಒಂದು ಸಲ ಒಳ್ಳೆ ಕೆಲಸಕ್ಕೆ ಬಂತು," ಎಂದು ಅಕ್ಕ ಹೇಳುತ್ತಿದ್ದರು.

ಅದು ಬಸವನಹುಳು ಮೀನು. ಇಂಗ್ಲಿಷಿನಲ್ಲಿ ಸ್ನೇಲ್‌ಫಿಶ್. ಹುರುಪೆಯಿಲ್ಲ. ಚರ್ಮ ಸಡಿಲ, ಅದರ ಕೆಳಗೆ ಗಂಜಿಯಂಥ ಲೋಳೆ, ಮೂಳೆ ಮೆತ್ತಗೆ. ದೊಡ್ಡ ತಲೆ, ಅಲ್ಲಿಂದ ಗೊದಮೊಟ್ಟೆಯ ಹಾಗೆ ಸಣ್ಣಗಾಗುತ್ತ ಹೋಗುವ ಬಾಲ. ನಮ್ಮ ಕಡೆಯ ಸಮುದ್ರದಲ್ಲಿ ಇಂಥದು ಅಪರೂಪಕ್ಕೂ ಅಪರೂಪ ಎಂದು ಅವರು ಆಮೇಲೆ ಓದಿ ತಿಳಿದುಕೊಂಡರು. ಆ 'ಆಮೇಲೆ'ಯಲ್ಲೇ ಎಡವಟ್ಟಾಗಿದ್ದು.

ಕಾಲೇಜಿನ ಸಂಗ್ರಹದಲ್ಲಿ ಮೀನನ್ನು ಸುಮ್ಮನೆ ಬಾಟಲಿಗೆ ಹಾಕುವುದಿಲ್ಲ. ಗಾಜಿನ ಪಟ್ಟಿಗೆ ದಾರದಿಂದ ಕಟ್ಟಿ, ಪಟ್ಟಿಯನ್ನು ಫಾರ್ಮಲಿನ್ ತುಂಬಿದ ಜಾಡಿಯಲ್ಲಿ ನೇರವಾಗಿ ನಿಲ್ಲಿಸುತ್ತಾರೆ. ಇವರ ಕೈಯಲ್ಲಿ ಆ ದಿನ ಇದ್ದದ್ದು ಹಾಲಿನ ಬಣ್ಣದ, ಆಚೆ ಕಾಣದ ಗಾಜು. ಗುಲಾಬಿ ಬಣ್ಣ ಅದರ ಮೇಲೆ ಚೆನ್ನಾಗಿ ಎದ್ದು ಕಾಣುತ್ತದೆಂದು, ಹೊಟ್ಟೆಯನ್ನು ಗಾಜಿಗೆ ಒತ್ತಿ, ಬೆನ್ನು ಹೊರಗೆ ಬರುವಂತೆ ಅಚ್ಚುಕಟ್ಟಾಗಿ ಕಟ್ಟಿದರು. ಈ ಮೀನುಗಳಲ್ಲಿ ಕೆಲವಕ್ಕೆ ಗಂಟಲಿನ ಕೆಳಗೆ, ಹೊಟ್ಟೆಯ ಕಡೆ, ಒಂದು ಗುಂಡನೆಯ ಹೀರುಬಿಲ್ಲೆ ಇರುತ್ತದೆ. ಅದರಿಂದ ಕಲ್ಲಿಗೆ ಅಂಟಿಕೊಳ್ಳುತ್ತವೆ. ಕೆಲವಕ್ಕೆ ಇರುವುದಿಲ್ಲ. ಯಾವ ಗುಂಪಿನ ಮೀನು ಎಂದು ಹೇಳಬೇಕಾದರೆ ಮೊದಲು ನೋಡುವುದೇ ಆ ಬಿಲ್ಲೆಯನ್ನು. ಇದನ್ನು ಓದುವ ಹೊತ್ತಿಗೆ ದಾರ ಲೋಳೆಯೊಳಗೆ ಇಳಿದು ಕೂತಿತ್ತು. ಬಿಚ್ಚಿದರೆ ಚರ್ಮವೂ ಬರುತ್ತದೆ. ಅಷ್ಟೂ ವರ್ಷ ಆ ಮೀನು ಅವರಿಗೆ ಬೆನ್ನು ಮಾತ್ರ ತೋರಿಸಿಕೊಂಡು ನಿಂತಿತ್ತು.

"ಹೊಸ ಮದುಮಗಳ ಹಾಗೆ ಮುಖ ತಿರುಗಿಸಿ ಕೂತಿದೆ," ಎನ್ನುತ್ತಿದ್ದರು. "ನಾನೇ ಕೂರಿಸಿದ್ದಲ್ವಾ. ಯಾರನ್ನು ಬೈಯುದು?"

ನಾನು ಒಮ್ಮೆ, "ಮ್ಯಾಡಮ್, ಜಾಡಿ ಎತ್ತಿ ಬುಡದಿಂದ ನೋಡಿದ್ರ ಕಾಣೂದಿಲ್ಲೇನ್ರಿ?" ಎಂದೆ.

"ಬಾಲ ಕಾಣ್ತದೆ ಮಾರಾಯ್ತಿ. ಬಾಲ ನನಗೆ ಬಾಯಿಪಾಠ ಆಗಿದೆ."

ಸ್ಟಾಫ್‌ರೂಮಿನಲ್ಲಿ ಇದೊಂದು ತಮಾಷೆ. ಸುರಮಯಿ ಮೀನಾಗಿದ್ದರೆ ಹುರಿದಾದರೂ ತಿನ್ನಬಹುದಿತ್ತು ಎನ್ನುತ್ತಿದ್ದ ಮರಾಠಿ ಪ್ರಾಧ್ಯಾಪಕರಿಗೆ ಇವರು, "ಇದನ್ನು ಬಾಣಲೆಗೆ ಹಾಕಿದ್ರೆ ನಿಮಗೆ ನೀರೇ ಸಿಗುದು, ಸಾರಿಗೂ ಆಗುದಿಲ್ಲ" ಎಂದು ಹಿಂದಿಯಲ್ಲಿ ಉತ್ತರ ಕೊಟ್ಟಿದ್ದರು. ಅದು ನಿಜವೂ ಹೌದಂತೆ. ಆ ಮೀನಿನ ಆಕಾರವನ್ನು ಹಿಡಿದಿಡುವುದು ಸುತ್ತಲಿನ ನೀರು. ಮೇಲೆ ತಂದು ತಟ್ಟೆಯಲ್ಲಿಟ್ಟರೆ ಕುಸಿದು, ಬಿಸಿಲಿಗೆ ಕರಗಿದಂತಾಗುತ್ತದೆ.

ಅವರು ಪಾಠ ಮಾಡುವ ರೀತಿ ನನಗೆ ಗೊತ್ತಿರುವುದು ನಮ್ಮ ಎರಡೂ ಪ್ರಯೋಗಾಲಯಗಳ ನಡುವೆ ಒಂದೇ ಬಾಗಿಲು ಇದ್ದುದರಿಂದ. ಒಂದು ದಿನ ಮೇಜಿನ ಮೇಲೆ ಊದಿದ ಬಲೂನು, ಅದರ ಪಕ್ಕದಲ್ಲಿ ನೀರು ತುಂಬಿ ಗಂಟು ಹಾಕಿದ ಪ್ಲಾಸ್ಟಿಕ್ ಚೀಲ. ಎರಡರ ಮೇಲೂ ಪುಸ್ತಕ ಪೇರಿಸುತ್ತ ಹೋದರು. ಬಲೂನು ಢಬ್ ಎಂದಿತು. ಚೀಲ ಒಂಚೂರು ಚಪ್ಪಟೆಯಾಗಿ ಸುಮ್ಮನೆ ಕೂತಿತು.

"ಆಳದಲ್ಲಿ ಭಾರ ಎಷ್ಟಿರ್ತದೆ ಅಂತ ಎಲ್ಲರೂ ಕೇಳ್ತೀರಿ. ಭಾರ ಅಲ್ಲಿರುವ ಎಲ್ಲದರ ಮೇಲೂ ಉಂಟು. ಕೊಲ್ಲುದು ಒಳಗಿರುವ ಗಾಳಿ. ಬೇರೆ ಮೀನಿಗೆ ತೇಲ್ಲಿಕ್ಕೆ ಗಾಳಿಚೀಲ ಉಂಟು, ಇದಕ್ಕಿಲ್ಲ. ಒಳಗೂ ನೀರು, ಹೊರಗೂ ನೀರು. ಯಾರು ಯಾರನ್ನು ಒತ್ತುದು?" ಆಮೇಲೆ ತಮ್ಮ ಎದೆ ತಟ್ಟಿಕೊಂಡು, "ನಮ್ಮದೇ ಕಷ್ಟ. ನಾವು ಬಲೂನು," ಎಂದರು. ಹಿಂದಿನ ಬೆಂಚು ಅವರ ಗಾತ್ರ ನೋಡಿ ನಕ್ಕಿತು. ಇವರೂ ನಕ್ಕರು.

ನೀರು ಇಳಿದ ಹೊತ್ತು ನೋಡಿ ಹುಡುಗರನ್ನು ಕಳವಾ ಸೇತುವೆಯ ಹತ್ತಿರ ಕರೆದೊಯ್ಯುತ್ತಿದ್ದರು. ಸಮುದ್ರದ ನೀರು ಏರಿಳಿಯುವ ಖಾಡಿಯ ಕೆಸರಿನ ಮೇಲೆ ನೆಗೆಯುವ ಮೀನನ್ನು ಇಲ್ಲಿಯವರು ನಿವಟಿ ಎನ್ನುತ್ತಾರೆ. ಒಂದನ್ನು ಹಿಡಿದು ತಿರುಗಿಸಿ, ಹೊಟ್ಟೆಯ ಕೆಳಗೆ ರೆಕ್ಕೆಗಳೆರಡು ಕೂಡಿ ಬಟ್ಟಲಿನ ಹಾಗೆ ಆಗಿರುವುದನ್ನು ತೋರಿಸುತ್ತಿದ್ದರು. "ಇದೇ ರೆಕ್ಕೆ ಅಲ್ಲಿ ಆಳದಲ್ಲಿ ಬಿಲ್ಲೆ ಆಗ್ತದೆ. ಕೆಲವಕ್ಕೆ ಆಗಿ ಮತ್ತೆ ಹೋಗ್ತದೆ, ಬೇಡ ಅಂತ." ನಿವಟಿಯನ್ನು ಕೆಸರಿಗೆ ಬಿಟ್ಟು ಕೈ ತೊಳೆಯದೆ ರೈಲು ಹತ್ತುತ್ತಿದ್ದರು. ನಾನು ಮೂಗು ಮುಚ್ಚಿದರೆ ಬೈಗುಳ. "ನೀನು ಕೆಮಿಸ್ಟ್ರಿಯವಳಲ್ವಾ? ಆ ವಾಸನೆ ಎಂಥದರಿಂದ ಬರ್ತದೆ, ಅದೇ ದ್ರವ್ಯ ಆಳದ ಮೀನಿನ ಮೈಯಲ್ಲಿ ಜಾಸ್ತಿ ಇರ್ತದಂತೆ. ಒತ್ತಡಕ್ಕೆ ಪ್ರೋಟೀನು ಮುದುಡದ ಹಾಗೆ ಕಾಯ್ತದಂತೆ. ಮೂಗು ಬಿಡು, ಗೌರವ ಕೊಡು."

ಬಾಡಿಗೆ ಮನೆ ಹುಡುಕುತ್ತ ನಾನು ಸೋತು ಹೋಗಿದ್ದ ಕಾಲದಲ್ಲಿ ಅವರು ಸಮಾಧಾನಕ್ಕೆ ಹೇಳಿದ ಮಾತೂ ಮೀನಿನದೇ. ಇವುಗಳಲ್ಲಿ ಕೆಲವು ಆಳದ ದೊಡ್ಡ ಏಡಿಯ ಚಿಪ್ಪಿನೊಳಗೆ, ಕಿವಿರಿನ ಜಾಗದಲ್ಲಿ ಮೊಟ್ಟೆ ಇಟ್ಟು ಹೋಗುತ್ತವಂತೆ. ಏಡಿ ಉಸಿರಾಡಿದಾಗಲೆಲ್ಲ ಮೊಟ್ಟೆಗಳಿಗೂ ಹೊಸ ನೀರು. "ಪಗಡಿ ದುಡ್ಡಿಲ್ಲ, ಡಿಪಾಸಿಟ್ ಇಲ್ಲ, ಇಪ್ಪತ್ನಾಲ್ಕು ತಾಸು ನೀರು. ಡೋಂಬಿವಲಿಯಲ್ಲಿ ಅಂಥ ಏಡಿ ಸಿಕ್ಕಿದ್ರೆ ಮೊದಲು ನಾನು ಹೋಗ್ತೇನೆ, ಆಯ್ತಾ?"

ತಮ್ಮ ಬಗ್ಗೆ ಅವರು ಹೆಚ್ಚು ಹೇಳಲಿಲ್ಲ. ಮದುವೆ ಯಾಕಾಗಲಿಲ್ಲ ಎಂದು ಕೇಳಿದ ರೈಲಿನ ಲೇಡೀಸ್ ಡಬ್ಬಿಯ ಹೆಂಗಸರಿಗೆಲ್ಲ ಬೇರೆ ಬೇರೆ ಉತ್ತರ ಕೊಟ್ಟಿದ್ದರು. ಸಂಜೆಯ ಗಾಡಿಯಲ್ಲಿ ಕಣ್ಣು ಮುಚ್ಚಿ ನಿಂತಿರುವಾಗ ಅವರ ಮುಖದಲ್ಲಿ ಎಂಥ ದಣಿವು ಇರುತ್ತಿತ್ತೆಂದರೆ, ಮಾತಾಡಿಸಲು ಭಯವಾಗುತ್ತಿತ್ತು.

ಎಷ್ಟೋ ಸಲ ನಾನು ಕೇಳಿದ್ದೆ, ಜಾಡಿಯನ್ನು ಯಾರಿಗಾದರೂ ತೋರಿಸಬಾರದೇಕೆ ಎಂದು. "ತೋರಿಸಿದ್ರೆ ಬಿಚ್ಚಬೇಕು. ಬಿಚ್ಚಿದ್ರೆ ಹಾಳಾದ್ರೆ? ಇರುದು ಇದೊಂದೇ." ಹಾಗೆ ಮುಂದೂಡುತ್ತ ನಿವೃತ್ತಿ ಹತ್ತಿರ ಬಂತು. ಆ ಮಳೆಗಾಲದಲ್ಲಿ, ಮೀನುಗಳ ವರ್ಗೀಕರಣದಲ್ಲೇ ಜೀವನ ಕಳೆದಿದ್ದ ಒಬ್ಬ ವಯಸ್ಸಾದ ತಜ್ಞರು ಕಲ್ಯಾಣದ ತಮ್ಮ ಮಗಳ ಮನೆಗೆ ಬಂದಿದ್ದಾರೆಂದು ತಿಳಿಯಿತು. ಇವರು ಫೋನ್ ಮಾಡಿದರು. "ದಾರ ಬಿಚ್ಚುವ ಕೆಲಸ ನನಗೆ ಬಿಡಿ. ಬಿಲ್ಲೆ ಇದ್ದರೆ ಇಬ್ಬರೂ ಕೂತು ಬರೆಯೋಣ," ಎಂದರಂತೆ ಅವರು. ಅವತ್ತು ಇವರು ಕ್ಯಾಂಟೀನಿನಲ್ಲಿ ಎಲ್ಲರಿಗೂ ಚಹಾ ಕೊಡಿಸಿದ್ದು ನೆನಪಿದೆ.

ಮಾರನೆಯ ಮಧ್ಯಾಹ್ನ ಇಬ್ಬರೂ ರಜೆ ಹಾಕಿ ಠಾಣೆಯಲ್ಲಿ ಕಲ್ಯಾಣದ ಗಾಡಿ ಹಿಡಿದೆವು. ಜಾಡಿಯನ್ನು ಹಳೆಯ ಸೀರೆಯಲ್ಲಿ ಸುತ್ತಿ, ದೊಡ್ಡ ಸ್ಟೀಲ್ ಡಬ್ಬಿಯಲ್ಲಿಟ್ಟು, ಆ ಡಬ್ಬಿಯನ್ನು ಬಟ್ಟೆಚೀಲಕ್ಕೆ ಹಾಕಿ, ಮಗುವನ್ನು ಹಿಡಿದಂತೆ ಹಿಡಿದುಕೊಂಡಿದ್ದರು. ಹೊರಗೆ ಭಾರಿ ಮಳೆ. ನಡುವಿನ ಒಂದು ನಿಲ್ದಾಣದಲ್ಲಿ ಗಾಡಿ ನಿಂತುಬಿಟ್ಟಿತು. ಮುಂದೆ ಹಳಿಯಲ್ಲಿ ನೀರು. ತುಂಬಾ ಹೊತ್ತು ಕಾದ ಮೇಲೆ, ಕಲ್ಯಾಣದ ಗಾಡಿ ಆಚೆಯ ಪ್ಲಾಟ್‌ಫಾರ್ಮಿನಿಂದ ಬಿಡುತ್ತದೆ ಎಂದು ಕೂಗಿದರು.

ಆ ನಿಲ್ದಾಣದ ಹೆಸರು ಬರೆಯುವುದಿಲ್ಲ. ಅಂಥ ಸೇತುವೆ, ಅಂಥ ಮೆಟ್ಟಿಲು ಆ ದಾರಿಯುದ್ದಕ್ಕೂ ಇದ್ದವು. ಇಡೀ ಗಾಡಿಯ ಜನ ಸೇತುವೆ ಹತ್ತಿ, ದಾಟಿ, ಆಚೆಯ ಮೆಟ್ಟಿಲು ಇಳಿಯತೊಡಗಿತು. ನಾವು ಅರ್ಧ ಮೆಟ್ಟಿಲಲ್ಲಿದ್ದೆವು. ಕೆಳಗೆ ತಗಡಿನ ಸೂರು ಮುಗಿಯುವಲ್ಲಿ, ಮುಂದಿದ್ದವರೆಲ್ಲ ಕೊಡೆ ಬಿಚ್ಚಲು ನಿಂತರು. ಅಷ್ಟೇ ಆದದ್ದು. ನಾನು ಎಷ್ಟು ಸಲ ಇದನ್ನು ಹಿಂದಕ್ಕೆ ತಿರುಗಿಸಿ ನೋಡಿದ್ದೇನೋ. ಪ್ರತಿ ಸಲವೂ ಅಲ್ಲಿ ಕೆಟ್ಟವರು ಯಾರೂ ಇಲ್ಲ. ಮಳೆ ಬಂದರೆ ಕೊಡೆ ಬಿಚ್ಚುವವರು ಕೆಳಗೆ, ಗಾಡಿ ತಪ್ಪೀತೆಂದು ಓಡುವವರು ಮೇಲೆ.

ಮೊದಲು ನನ್ನ ಕಾಲುಗಳು ನೆಲ ಬಿಟ್ಟವು. ಆಮೇಲೆ ಸದ್ದು ಕಡಿಮೆಯಾಯಿತು, ಕೂಗಲು ಯಾರಿಗೂ ಉಸಿರಿರಲಿಲ್ಲ. ನನ್ನ ಮುಂದೆ ಹಸಿರು ಸೀರೆಯ ಹೆಂಗಸಿನ ಬೆನ್ನು. ನಾನು ಅದನ್ನು ತಳ್ಳುತ್ತಿದ್ದೆ, ಬದುಕಬೇಕೆಂದು. ಕಿವಿಯ ಹತ್ತಿರ ಅವರ ದನಿ, ತರಗತಿಯ ದನಿ.

"ದೂಡ್ಬೇಡ. ಕೈ ಎದೆ ಮುಂದೆ ತಾ. ಬ್ಯಾಗ್ ಬಿಡು."

"ಬರವಲ್ದ್ರೀ ಕೈ... ಬರವಲ್ದು..."

"ಬರ್ತದೆ. ಬ್ಯಾಗ್ ಬಿಡು ಅಂದೆ. ಗಾಳಿಗೆ ಜಾಗ ಮಾಡು ಮಾರಾಯ್ತಿ, ಗಾಳಿಗೆ!"

ನನ್ನ ಬಲಗೈ ನನ್ನದೇ ಚೀಲದ ಪಟ್ಟಿಗೆ ಸಿಕ್ಕಿಕೊಂಡಿತ್ತು. ಅವರು ಒಂದು ಕೈಯಿಂದ ಅದನ್ನು ಎಳೆಯಲು ನೋಡಿದರು, ಆಗಲಿಲ್ಲ. ಇನ್ನೊಂದು ಕೈಯಲ್ಲಿ ಡಬ್ಬಿ ಇತ್ತು. ಆ ಒಂದು ಕ್ಷಣ ಅವರು ನನ್ನನ್ನು ನೋಡಲಿಲ್ಲ, ಡಬ್ಬಿಯನ್ನೂ ನೋಡಲಿಲ್ಲ. ಕಣ್ಣು ಮುಚ್ಚಿದ್ದರು, ಸಂಜೆಯ ಗಾಡಿಯಲ್ಲಿ ಮುಚ್ಚಿದಂತೆ. ಆಮೇಲೆ ಎರಡೂ ಕೈಯಿಂದ ನನ್ನ ತೋಳು ಹಿಡಿದು ಮೇಲಕ್ಕೆ ಎಳೆದು, ಎದೆಯ ಮುಂದೆ ಅಡ್ಡ ಇಟ್ಟರು. ನನ್ನ ಮುಷ್ಟಿ ಮತ್ತು ಹಸಿರು ಸೀರೆಯ ನಡುವೆ ಒಂದು ಬಟ್ಟಲಿನಷ್ಟು ಜಾಗವಾಯಿತು. ಅಷ್ಟು ಗಾಳಿ ಸಾಕಾಯಿತು. ಎಲ್ಲೋ ಕೆಳಗೆ ಸ್ಟೀಲು ಬಿದ್ದ ಸದ್ದು, ಗಾಜಿನ ಸದ್ದು.

ಕೆಳಗಿನವರು ಯಾರೋ ಚದುರಿದರು. ಮುಂದೆ ನಾಲ್ಕಾರು ಮೆಟ್ಟಿಲು ಇದ್ದಕ್ಕಿದ್ದಂತೆ ತೆರವಾದವು. ನಾನು ಕಟಾಂಜನಕ್ಕೆ ಕೆನ್ನೆ ತಾಗಿಸಿ ಕುಸಿದೆ. ಕಣ್ಣಿಗೆ ಚುಚ್ಚುವ ಫಾರ್ಮಲಿನ್ ವಾಸನೆ. ಮುಖದ ಹತ್ತಿರದ ಮೆಟ್ಟಿಲಿನ ಮೇಲೆ ಮುಚ್ಚಳ ಹಾರಿದ ಡಬ್ಬಿ, ಹಾಲುಗಾಜಿನ ಚೂರು, ಅದರ ಪಕ್ಕದಲ್ಲಿ ಮೀನು. ದಾರ ಕಳಚಿ ಅಂಗಾತ ಬಿದ್ದಿತ್ತು. ಹೊಟ್ಟೆಯ ಚರ್ಮದ ಹಿಂದೆ ಕಪ್ಪು ನೆರಳು. ಆಳದಲ್ಲಿ ಮಿಣುಕುವ ಜೀವಿಗಳನ್ನು ನುಂಗಿದರೆ ಆ ಬೆಳಕು ಹೊರಗೆ ಕಾಣಬಾರದೆಂದು ಕೆಲವು ಮೀನುಗಳ ಹೊಟ್ಟೆಗೆ ಒಳಗಿನಿಂದ ಕಪ್ಪು ಪರದೆ ಇರುತ್ತದೆಂದು ಅವರೇ ಹೇಳಿದ್ದರು. ಅದರ ಮೇಲೆ, ಗಂಟಲಿನ ಕೆಳಗೆ, ಅಂಗಿಯ ಸಣ್ಣ ಗುಂಡಿಯಷ್ಟು ಅಗಲದ ಒಂದು ಗುಂಡನೆಯ ಬಿಲ್ಲೆ. ಅಂಚು ತುಸು ಎದ್ದಿತ್ತು.

ಮತ್ತೆ ಮೇಲಿನಿಂದ ಜನ ಬಂತು. ಕಾಲುಗಳು. ನಾನು ತಲೆ ಒಳಗೆ ಎಳೆದುಕೊಂಡೆ.

ಎಲ್ಲ ನಿಂತ ಮೇಲೆ ಮೆಟ್ಟಿಲ ಮೇಲೆ ಚಪ್ಪಲಿಗಳಿದ್ದವು, ಮುರಿದ ಕೊಡೆಗಳಿದ್ದವು. ಹಸಿರು ಸೀರೆಯ ಹೆಂಗಸನ್ನು ನಾಲ್ವರು ಎತ್ತಿಕೊಂಡು ಹೋದರು. ಅವಳ ಕೈ ಜೋತಾಡುತ್ತಿತ್ತು. ಅವಳು ಬದುಕಿದಳೋ ಇಲ್ಲವೋ ನನಗೆ ಗೊತ್ತಿಲ್ಲ. ವಿಚಾರಿಸಬೇಕೆಂದು ಹೊರಟು, ಉತ್ತರಕ್ಕೆ ಹೆದರಿ ಹಿಂದೆ ಬಂದಿದ್ದೇನೆ. ಮೀನಿದ್ದ ಜಾಗದಲ್ಲಿ ಗಂಜಿ ಚೆಲ್ಲಿದಂಥ ಒಂದು ಕಲೆ ಇತ್ತು. ಮಳೆ ನೀರು ಅದರ ಮೇಲೆ ಇಳಿಯುತ್ತಿತ್ತು.

ಅವರಿಗೆ ಪಕ್ಕೆಲುಬು ಮುರಿದಿತ್ತು. ಆಸ್ಪತ್ರೆಯಲ್ಲಿ ಎದೆಗೆ ಪಟ್ಟಿ ಸುತ್ತಿಕೊಂಡು ದಿಂಬಿಗೆ ಒರಗಿದ್ದರು. ನಾನು ಅಳುತ್ತಿದ್ದೆ.

"ನನ್ನ ಸಲುವಾಗಿ ಹೋತ್ರಿ ಮ್ಯಾಡಮ್ ನಿಮ್ಮ ಮೀನು."

"ಮೀನು ಸತ್ತು ಎಷ್ಟೋ ವರ್ಷ ಆಯ್ತಲ್ವಾ," ಎಂದರು. ನಗಲು ಹೋಗಿ ನೋವಿಗೆ ಹಲ್ಲು ಕಚ್ಚಿದರು. "ನಗಿಸ್ಬೇಡ. ಬಲೂನು ತೂತಾಗಿದೆ."

"ನಾ ನೋಡೀನ್ರಿ ಅದನ್ನ. ಅಂಗಾತ ಬಿದ್ದಿತ್ತು."

ಅವರು ಕನ್ನಡಕವಿಲ್ಲದ ಕಣ್ಣನ್ನು ಕಿರಿದು ಮಾಡಿ ನನ್ನ ಕಡೆ ತಿರುಗಿದರು. ಹೊರಗೆ ತಳ್ಳುಗಾಡಿಯೊಂದು ಹೋಯಿತು. ಆಮೇಲೆ, ಬಹಳ ಮೆಲ್ಲಗೆ:

"ಇತ್ತಾ?"

"ಇತ್ರಿ. ಗಂಟಲ ಕೆಳಗ. ಇಷ್ಟ ಗುಂಡಿಯಷ್ಟ." ಬೆರಳಲ್ಲಿ ತೋರಿಸಿದೆ.

"ಅಂಚು?"

"ಎದ್ದಿತ್ರಿ."

ನನ್ನ ಬೆರಳುಗಳ ನಡುವಿನ ಆ ಸಣ್ಣ ಸಂದನ್ನು ಅವರು ತುಂಬಾ ಹೊತ್ತು ನೋಡಿದರು. ನನಗೆ ಬೆರಳು ಇಳಿಸಲಾಗಲಿಲ್ಲ. ಕೊನೆಗೆ ತಾವೇ ನನ್ನ ಕೈ ಹಿಡಿದು ಹಾಸಿಗೆಯ ಮೇಲೆ ಇಟ್ಟರು. "ಒಳ್ಳೆದಾಯ್ತು," ಎಂದರು.

ತಜ್ಞರಿಗೆ ಬರೆಯಿರಿ, ನಾನು ಬಂದು ಸಾಕ್ಷಿ ಹೇಳುತ್ತೇನೆ ಎಂದು ನಾನು ಹಟ ಹಿಡಿದೆ. ಅವರು ಒಪ್ಪಲಿಲ್ಲ. "ಹಾಗೆ ಆಗುದಿಲ್ಲ. ಮೀನು ಇಲ್ಲದೆ ಬಿಲ್ಲೆ ಉಂಟು ಅಂತ ಬರೆದ್ರೆ ಅದು ಕಥೆ. ನೀನು ನೋಡಿದ್ದು ನಿಜ. ಅದು ನಮ್ಮಿಬ್ಬರಿಗೆ ಗೊತ್ತುಂಟು, ಸಾಕು." ಸಾಕು ಎಂದ ಮೇಲೆ ಮತ್ತೆ ಆ ಮಾತು ಎತ್ತಲಿಲ್ಲ. ನಿವೃತ್ತಿಯಾಗುವವರೆಗೆ ಅದೇ ಬೆಂಚಿನ ತುದಿಯಲ್ಲಿ ಅರ್ಧ ಕೂತು, ಅರ್ಧ ನಿಂತು ಬಂದರು. ತರಗತಿಯಲ್ಲಿ ಬಸವನಹುಳು ಮೀನಿನ ಪಾಠ ಬಂದಾಗ ಬಾಗಿಲಾಚೆಯಿಂದ ಕೇಳಿಸಿಕೊಳ್ಳುತ್ತಿದ್ದೆ. ಬಿಲ್ಲೆಯ ಮಾತು ಬಂದರೆ, "ಕೆಲವಕ್ಕೆ ಉಂಟು, ಕೆಲವಕ್ಕಿಲ್ಲ" ಎಂದಷ್ಟೇ ಹೇಳಿ ಮುಂದೆ ಹೋಗುತ್ತಿದ್ದರು.

ಈಗ ನಾನು ಐರೋಲಿಯಲ್ಲಿದ್ದೇನೆ, ರೈಲು ಹತ್ತುವುದು ಕಡಿಮೆ. ಆದರೂ ಮಳೆಯಲ್ಲಿ ಯಾರಾದರೂ ಬಾಗಿಲಲ್ಲಿ ನಿಂತು ಕೊಡೆ ಬಿಚ್ಚಿದರೆ ಮೆಟ್ಟಿಲು ಮತ್ತೆ ಬರುತ್ತದೆ. ಮೊದಲು ಹಸಿರು ಸೀರೆ, ಆಮೇಲೆ ಗಾಜಿನ ಸದ್ದು. ನೋಡುತ್ತ ನೋಡುತ್ತ ಕೆಲವೆಲ್ಲ ಅಳಿಸಿವೆ. ಮಳೆ ಎಡದಿಂದ ಬರುತ್ತಿತ್ತೋ ಬಲದಿಂದಲೋ, ನನ್ನ ಚಪ್ಪಲಿಯ ಬಣ್ಣ ಯಾವುದೋ ನೆನಪಿಲ್ಲ. ಬಿಲ್ಲೆ ಅಳಿಸಿಲ್ಲ.

ಅಂತ್ಯಕ್ರಿಯೆ ಮುಗಿಸಿ ಹೊರಡುವಾಗ ಅವರ ತಮ್ಮ ಕಟ್ಟಡದ ಬಾಗಿಲಿನವರೆಗೂ ಬಂದರು. "ನಾನು ತಂದ ಮೀನು ಅದು. ಕಡೆಗೂ ಅಕ್ಕನಿಗೆ ಅದರ ಹೊಟ್ಟೆ ನೋಡ್ಲಿಕ್ಕೆ ಆಗ್ಲೇ ಇಲ್ಲ ಅಲ್ವಾ?" ಎಂದರು.

"ಅವರಿಗೆ ಆಗ್ಲಿಲ್ರಿ," ಎಂದೆ. ಬೆರಳುಗಳನ್ನು ಎತ್ತಿ ಎಷ್ಟಿತ್ತೆಂದು ತೋರಿಸಿದೆ.